ಐದು ಅಂದಿದ್ದರು, ಮೂರಕ್ಕೆ ನಿಂತಿತು: ‘ಫೆಂಟಾಸ್ಟಿಕ್ ಬೀಸ್ಟ್ಸ್’ ಮುಂದುವರಿಯಬೇಕಾ?

ಹ್ಯಾರಿ ಪಾಟರ್ ಹುಟ್ಟುವುದಕ್ಕೂ ಅರ್ಧ ಶತಮಾನ ಹಿಂದಿನ ಮಾಯಾಲೋಕದ ಕಥೆ ಹೇಳಲು ಹೊರಟ ಸರಣಿ ‘ಫೆಂಟಾಸ್ಟಿಕ್ ಬೀಸ್ಟ್ಸ್’. ಐದು ಸಿನಿಮಾ ಬರುತ್ತವೆ ಅಂತ ಹೇಳಿದ್ದರು. ಬಂದಿದ್ದು ಮೂರು. ಮೂರನೆಯದು 2022ರ ಏಪ್ರಿಲ್‌ನಲ್ಲಿ ತೆರೆಗೆ ಬಂತು. ಆಮೇಲೆ ಸದ್ದಿಲ್ಲ.

2023ರ ಅಕ್ಟೋಬರ್‌ನಲ್ಲಿ ನಿರ್ದೇಶಕ ಡೇವಿಡ್ ಯೇಟ್ಸ್ ಒಂದು ಮಾತು ಹೇಳಿದರು: ಸರಣಿಯನ್ನು ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದೇವೆ. ನಿಲ್ಲಿಸಿದ್ದೇವೆ ಅಂತ ಅಲ್ಲ. ಮುಂದೆ ಮಾಡುತ್ತೇವೆ ಅಂತಲೂ ಅಲ್ಲ. ಇನ್ನೊಂದು ಕಡೆ, ಹ್ಯಾರಿ ಪಾಟರ್‌ನ ಏಳೂ ಪುಸ್ತಕಗಳನ್ನು ಹೊಸದಾಗಿ ಧಾರಾವಾಹಿ ಮಾಡುವುದಾಗಿ ಈ ಸಿನಿಮಾಗಳನ್ನು ಮಾಡಿದ ವಾರ್ನರ್ ಕಂಪನಿಯದೇ ಟಿವಿ ವಾಹಿನಿ ಎಚ್‌ಬಿಒ ಘೋಷಿಸಿತು. 2025ರ ಜುಲೈನಲ್ಲಿ ಅದರ ಶೂಟಿಂಗ್ ಕೂಡ ಶುರುವಾಯಿತು. ಅಭಿಮಾನಿಗಳ ಗೊಂದಲ ಇಲ್ಲೇ ಇರುವುದು. ಮುಗಿದ ಕಥೆಯನ್ನು ಇನ್ನೊಮ್ಮೆ ಹೇಳಲು ದುಡ್ಡಿದೆ, ಅರ್ಧಕ್ಕೆ ಬಿಟ್ಟಿದ್ದನ್ನು ಮುಗಿಸಲು ಇಲ್ಲವಾ? ಹಾಗಾದರೆ ಸರಣಿ ಮುಂದುವರಿಯಬೇಕಾ, ಅಥವಾ ಇಲ್ಲಿಗೇ ಬಿಡುವುದು ಒಳ್ಳೆಯದಾ?

ಐದು ಎಂಬ ಲೆಕ್ಕ ಬಂದಿದ್ದು

ಮೊದಲು ಮೂರು ಸಿನಿಮಾ ಅಂತಲೇ ಮಾತಿತ್ತು. 2016ರ ಅಕ್ಟೋಬರ್‌ನಲ್ಲಿ, ಮೊದಲ ಸಿನಿಮಾ ಬಿಡುಗಡೆಗೆ ಇನ್ನೊಂದು ತಿಂಗಳಿದ್ದಾಗ, ಲೇಖಕಿ ಜೆ.ಕೆ. ರೌಲಿಂಗ್ ಅಭಿಮಾನಿಗಳ ಮುಂದೆ ಐದು ಸಿನಿಮಾ ಆಗುತ್ತವೆ ಎಂದರು. ಈ ಐದರ ಲೆಕ್ಕ ತಂಡದಲ್ಲಿ ಬಹುತೇಕರಿಗೆ ಅಚ್ಚರಿ ತಂದಿತ್ತು ಅಂತ ಯೇಟ್ಸ್ 2023ರಲ್ಲಿ ಒಪ್ಪಿಕೊಂಡರು.

ಇದು ಸಣ್ಣ ವಿಷಯ ಅಲ್ಲ. ಹ್ಯಾರಿ ಪಾಟರ್ ಸಿನಿಮಾಗಳಿಗೆ ಪುಸ್ತಕಗಳ ಬೆನ್ನೆಲುಬು ಇತ್ತು. ಯಾವ ಪಾತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಪುಸ್ತಕದಲ್ಲೇ ಇರುತ್ತಿತ್ತು. ಇಲ್ಲಿ ಅಂಥ ಪುಸ್ತಕವೇ ಇಲ್ಲ. 2001ರಲ್ಲಿ ರೌಲಿಂಗ್ ಕಾಮಿಕ್ ರಿಲೀಫ್ ಸಂಸ್ಥೆಯ ಸಹಾಯಾರ್ಥ ಬರೆದ ಒಂದು ತೆಳ್ಳನೆಯ ಪುಸ್ತಕ ಇದೆ, ಅಷ್ಟೇ. ಅದು ಹಾಗ್ವಾರ್ಟ್ಸ್ ಎಂಬ ಮಾಯಾಶಾಲೆಯ ಮಕ್ಕಳು ಓದುವ ಪಠ್ಯದ ರೂಪದಲ್ಲಿದೆ. ಮಾಯಾಪ್ರಾಣಿಗಳ ಹೆಸರು, ವಿವರ ಇವೆ. ಕಥೆ ಅಂತ ಏನೂ ಇಲ್ಲ.

ಅಂದರೆ ಮೂರಿದ್ದ ಕಥೆ ಐದಾಗಿ ಹಿಗ್ಗಿತು, ಹಿಗ್ಗಿದ ಜಾಗ ತುಂಬಲು ಕೈಯಲ್ಲಿ ಬರೆದಿಟ್ಟ ಕಥೆ ಇರಲಿಲ್ಲ. ಮುಂದೆ ಬಂದ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಟ್ಟಿದ್ದು ಇಲ್ಲೇ.

ದುಡ್ಡು ಹೇಳುವ ಕಥೆ

ಮೊದಲನೆಯದು, 2016ರದ್ದು, ಜಗತ್ತಿನಾದ್ಯಂತ ಸುಮಾರು 81 ಕೋಟಿ ಡಾಲರ್ ಗಳಿಸಿತು. 2018ರಲ್ಲಿ ಬಂದ ‘ದಿ ಕ್ರೈಮ್ಸ್ ಆಫ್ ಗ್ರಿಂಡೆಲ್ವಾಲ್ಡ್’ ಸುಮಾರು 65 ಕೋಟಿಗೆ ಇಳಿಯಿತು. 2022ರ ‘ದಿ ಸೀಕ್ರೆಟ್ಸ್ ಆಫ್ ಡಂಬಲ್‌ಡೋರ್’ 40 ಕೋಟಿ ಚಿಲ್ಲರೆಗೆ ನಿಂತಿತು. ಅಮೆರಿಕ ಮತ್ತು ಕೆನಡಾದ ಗಳಿಕೆಯನ್ನಷ್ಟೇ ನೋಡಿದರೆ ಇಳಿಜಾರು ಇನ್ನೂ ಕಡಿದು: 23 ಕೋಟಿ, 16 ಕೋಟಿ, ಕೊನೆಗೆ 10 ಕೋಟಿಗೂ ಕಡಿಮೆ.

40 ಕೋಟಿ ಡಾಲರ್ ಅಂದರೆ ಕಮ್ಮಿಯಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಟಿಕೆಟ್ ದುಡ್ಡೆಲ್ಲ ಸ್ಟುಡಿಯೋಗೆ ಬರುವುದಿಲ್ಲ. ಥಿಯೇಟರಿನವರ ಪಾಲು ಕಳೆದು ಹೆಚ್ಚುಕಮ್ಮಿ ಅರ್ಧ ಕೈಗೆ ಸಿಗುತ್ತದೆ. ಕೆಲವು ದೇಶಗಳಲ್ಲಿ, ಅದರಲ್ಲೂ ಚೀನಾದಲ್ಲಿ, ಅರ್ಧವೂ ಸಿಗುವುದಿಲ್ಲ, ಕಾಲು ಭಾಗ ಸಿಕ್ಕರೆ ಹೆಚ್ಚು. ಮೂರನೇ ಸಿನಿಮಾ ಮಾಡಲು ಆದ ಖರ್ಚು ಸುಮಾರು 20 ಕೋಟಿ. ಅಂದರೆ ಬಂದ ಪಾಲು ಬರೀ ತಯಾರಿಕೆಯ ಖರ್ಚಿಗೇ ಸರಿಹೋಗುತ್ತದೆ. ಜಗತ್ತಿಡೀ ಮಾಡಿದ ಪ್ರಚಾರದ ಖರ್ಚು ಅದರ ಮೇಲೆ. ಹಾಗಾಗಿ ಥಿಯೇಟರಿನ ಮಟ್ಟಿಗೆ ಇದು ನಷ್ಟದ ಸಿನಿಮಾ.

ಹೀಗಿರುವಾಗ ಇನ್ನೆರಡು ಸಿನಿಮಾಗೆ 40 ಕೋಟಿ ಡಾಲರ್ ಹಾಕಿ ಅಂತ ಯಾರಾದರೂ ಕೇಳಿದರೆ, ಸ್ಟುಡಿಯೋದವರು ಏನು ಹೇಳುತ್ತಾರೆ ಅಂತ ಊಹಿಸುವುದು ಕಷ್ಟವಲ್ಲ.

ಕೊರೊನಾ ಒಂದೇ ಕಾರಣ ಅಲ್ಲ

ಸರಣಿ ಮುಂದುವರಿಯಲಿ ಅನ್ನುವವರು ಮೊದಲು ಎತ್ತುವ ಮಾತು ಇದು: ಮೂರನೆಯದು ಕೆಟ್ಟ ಕಾಲದಲ್ಲಿ ಬಂತು. ಇದರಲ್ಲಿ ನಿಜ ಇದೆ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ಶುರುವಾಗಬೇಕಿತ್ತು, ಕೊರೊನಾದಿಂದ ನಿಂತಿತು. ಖಳನಾಯಕ ಗ್ರಿಂಡೆಲ್ವಾಲ್ಡ್ ಪಾತ್ರ ಮಾಡುತ್ತಿದ್ದ ಜಾನಿ ಡೆಪ್, ಬ್ರಿಟನ್ನಿನಲ್ಲಿ ಪತ್ರಿಕೆಯೊಂದರ ಮೇಲೆ ಹಾಕಿದ್ದ ಮಾನನಷ್ಟ ಮೊಕದ್ದಮೆ ಸೋತರು. 2020ರ ನವೆಂಬರ್‌ನಲ್ಲಿ ಸ್ಟುಡಿಯೋ ಕೋರಿಕೆಯ ಮೇರೆಗೆ ಪಾತ್ರ ಬಿಟ್ಟರು. ಅವರ ಜಾಗಕ್ಕೆ ಮ್ಯಾಡ್ಸ್ ಮಿಕೆಲ್ಸನ್ ಬಂದರು. ಬಿಡುಗಡೆ ಹೊತ್ತಿಗೆ ಚೀನಾದ ಎಷ್ಟೋ ಥಿಯೇಟರ್‌ಗಳು ಮುಚ್ಚಿದ್ದವು. ಉಕ್ರೇನ್ ಯುದ್ಧದಿಂದಾಗಿ ರಷ್ಯಾದಲ್ಲಿ ಬಿಡುಗಡೆಯೇ ಆಗಲಿಲ್ಲ.

ಆದರೆ ಎರಡು ಸಂಗತಿಗಳು ಈ ವಾದಕ್ಕೆ ಒಗ್ಗುವುದಿಲ್ಲ. ಮೊದಲನೆಯದು, ಎರಡನೇ ಸಿನಿಮಾ ಬಂದಿದ್ದು ಕೊರೊನಾಕ್ಕೂ ಮುಂಚೆ. ಆಗಲೇ ಸುಮಾರು 16 ಕೋಟಿ ಡಾಲರ್ ಬಿದ್ದುಹೋಗಿತ್ತು. ಇನ್ನೊಂದು, ಅದೇ ವಾರ್ನರ್ ಬ್ರದರ್ಸ್ ಒಂದೇ ತಿಂಗಳು ಮುಂಚೆ, 2022ರ ಮಾರ್ಚ್‌ನಲ್ಲಿ, ಬ್ಯಾಟ್‌ಮನ್ ಸಿನಿಮಾ ತಂದು 77 ಕೋಟಿ ಡಾಲರ್ ದುಡಿದಿತ್ತು. ಜನ ಥಿಯೇಟರಿಗೆ ಬರುತ್ತಿದ್ದರು. ಈ ಸಿನಿಮಾಗೆ ಬರಲಿಲ್ಲ.

ಡೆಪ್ ಹೋದದ್ದರಿಂದ ಜನ ಮುನಿಸಿಕೊಂಡರು ಅನ್ನುವ ಮಾತೂ ಇದೆ. ಸ್ವಲ್ಪ ಮಟ್ಟಿಗೆ ಇರಬಹುದು. ಆದರೆ ಎರಡನೆಯದರಲ್ಲಿ ಡೆಪ್ ಇದ್ದರು, ಗಳಿಕೆ ಆಗಲೂ ಇಳಿದಿತ್ತು.

ಇದು ಯಾರ ಕಥೆ?

ಕಾರಣ ಕಥೆಯ ಒಳಗೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲ ಸಿನಿಮಾ ನ್ಯೂಟ್ ಸ್ಕಮ್ಯಾಂಡರ್‌ನದ್ದು. 1926ರ ನ್ಯೂಯಾರ್ಕ್. ಕೈಯಲ್ಲೊಂದು ಸೂಟ್‌ಕೇಸ್, ಅದರೊಳಗೆ ಒಂದು ಇಡೀ ಪ್ರಾಣಿಲೋಕ. ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಾಗದ, ಪ್ರಾಣಿಗಳ ಹತ್ತಿರ ಮಾತ್ರ ಹಗುರಾಗುವ ನಾಯಕ. ಎಡ್ಡಿ ರೆಡ್ಮೇನ್ ಅದನ್ನು ತುಂಬ ಪ್ರೀತಿಯಿಂದ ಮಾಡಿದ್ದರು. ಜೊತೆಗೆ ಜೇಕಬ್ ಎಂಬ ಮಾಮೂಲಿ ಮನುಷ್ಯ. ಬೇಕರಿ ಇಡಬೇಕು ಅನ್ನುವುದಷ್ಟೇ ಅವನ ಆಸೆ. ಆ ಸಿನಿಮಾ ಜನರಿಗೆ ಹಿಡಿಸಿತು. ವಸ್ತ್ರವಿನ್ಯಾಸಕ್ಕೆ ಆಸ್ಕರ್ ಕೂಡ ಬಂತು. ಎಂಟು ಹ್ಯಾರಿ ಪಾಟರ್ ಸಿನಿಮಾಗಳಿಗೆ ಒಂದೂ ಸಿಗದಿದ್ದ ಪ್ರಶಸ್ತಿ ಅದು.

ಆದರೆ ಅದೇ ಸಿನಿಮಾದ ಹಿಂದೆ ಇನ್ನೊಂದು ಕಥೆ ಕಾಯುತ್ತಿತ್ತು. ಮುಂದೆ ಹಾಗ್ವಾರ್ಟ್ಸ್ ಶಾಲೆಯ ಮುಖ್ಯೋಪಾಧ್ಯಾಯರಾಗುವ ಡಂಬಲ್‌ಡೋರ್ ಮತ್ತು ಗ್ರಿಂಡೆಲ್ವಾಲ್ಡ್ ಕಥೆ. ಹರೆಯದಲ್ಲಿ ಒಬ್ಬರನ್ನೊಬ್ಬರು ಹಚ್ಚಿಕೊಂಡಿದ್ದ ಇಬ್ಬರು ಮಹಾ ಪ್ರತಿಭಾವಂತರು, ಆಮೇಲೆ ಶತ್ರುಗಳಾಗಿ 1945ರಲ್ಲಿ ಎದುರುಬದುರಾಗಿ ಕಾದಾಡುವ ಕಥೆ. ಇದು ದೊಡ್ಡವರ ಕಥೆ. ಇದರಲ್ಲಿ ಪ್ರೀತಿ ಇದೆ, ಅಪರಾಧಪ್ರಜ್ಞೆ ಇದೆ, ಯುರೋಪಿನಲ್ಲಿ ಸರ್ವಾಧಿಕಾರ ತಲೆಯೆತ್ತಿದ ಕಾಲದ ನೆರಳೂ ಇದೆ.

ಎರಡೂ ಒಳ್ಳೆಯ ಕಥೆಗಳೇ. ಆದರೆ ಎರಡನ್ನೂ ಒಂದೇ ಸರಣಿಗೆ ತುರುಕಿದಾಗ ಎರಡೂ ಸೊರಗಿದವು. ಎರಡನೇ ಸಿನಿಮಾದಿಂದ ಪ್ರಾಣಿಗಳು ನೆಪಕ್ಕಷ್ಟೇ ಉಳಿದವು. ಡಂಬಲ್‌ಡೋರ್‌ಗೆ ಗ್ರಿಂಡೆಲ್ವಾಲ್ಡ್ ಮೇಲೆ ಕೈಯೆತ್ತಲಾಗದು, ಯಾಕಂದರೆ ಇಬ್ಬರೂ ರಕ್ತದ ಆಣೆ ಹಾಕಿಕೊಂಡಿದ್ದಾರೆ. ಹಾಗಾಗಿ ಅವರ ಬದಲು ಹೋರಾಡಲು ನ್ಯೂಟ್ ಬೇಕು. ಯುದ್ಧ ಅಂದರೆ ಆಗದ, ಯಾವ ಪಕ್ಷಕ್ಕೂ ಸೇರದ ಪ್ರಾಣಿಪ್ರೇಮಿ ಬೇರೆಯವರ ಕಾಳಗದಲ್ಲಿ ಸುಮ್ನೆ ನಿಲ್ಲಬೇಕಾಯಿತು. ನ್ಯೂಟ್ ಪ್ರೀತಿಸುವ ಟೀನಾ ಮೂರನೆಯದರಲ್ಲಿ ಕೆಲವೇ ನಿಮಿಷ ಕಾಣಿಸುತ್ತಾಳೆ.

ಕ್ರೀಡೆನ್ಸ್ ಎಂಬ ಹುಡುಗನ ಗತಿ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಎರಡನೇ ಸಿನಿಮಾದ ಕೊನೆಯಲ್ಲಿ, ಇವನು ಡಂಬಲ್‌ಡೋರ್‌ನ ಗೊತ್ತಿಲ್ಲದ ತಮ್ಮ ಅಂತ ಗ್ರಿಂಡೆಲ್ವಾಲ್ಡ್ ಹೇಳುತ್ತಾನೆ. ಪುಸ್ತಕ ಓದಿದವರು ಬೆಚ್ಚಿಬಿದ್ದರು. ಡಂಬಲ್‌ಡೋರ್ ತಂದೆ ಜೈಲು ಸೇರಿ ಅಲ್ಲೇ ಸತ್ತವರು. ತಾಯಿ ತೀರಿಕೊಂಡಿದ್ದು, ಮಗ ಶಾಲೆ ಮುಗಿಸಿದ ಹೊತ್ತಿಗೆ. ಆಮೇಲೆ ತಮ್ಮ ಹುಟ್ಟುವುದು ಎಲ್ಲಿಂದ? ಸುಮಾರು ಮೂರೂವರೆ ವರ್ಷ ಅಭಿಮಾನಿಗಳು ತಲೆ ಕೆಡಿಸಿಕೊಂಡರು. ಮೂರನೇ ಸಿನಿಮಾ ಬಂದಾಗ ಅವನು ತಮ್ಮ ಅಲ್ಲ, ತಮ್ಮನ ಮಗ ಅಂತಾಯಿತು. ಅಷ್ಟು ದೊಡ್ಡ ತಿರುವು ಒಂದೆರಡು ಮಾತಿನಲ್ಲಿ ಮುಗಿದುಹೋಯಿತು.

ಇನ್ನೊಂದು ಉದಾಹರಣೆ. ಐದನೇ ಹ್ಯಾರಿ ಪಾಟರ್ ಪುಸ್ತಕದಲ್ಲಿ ಪ್ರೊಫೆಸರ್ ಮೆಕ್‌ಗೊನಗಲ್ ತಮ್ಮ ಪಾಠದ ಅನುಭವ ಹೇಳುತ್ತಾರೆ: ಈ ಡಿಸೆಂಬರ್‌ಗೆ 39 ವರ್ಷ. ಅದು 1995ರ ಮಾತು. ಅಂದರೆ ಅವರು ಹಾಗ್ವಾರ್ಟ್ಸ್‌ಗೆ ಸೇರಿದ್ದು 1956ರಲ್ಲಿ. ಎರಡನೇ ಸಿನಿಮಾದಲ್ಲಿ 1927ಕ್ಕೇ ಅವರು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ! ಸಾಮಾನ್ಯ ನೋಡುಗರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಇಂಥ ಸರಣಿಯನ್ನು ಎತ್ತಿ ನಿಲ್ಲಿಸುವವರು ಸಾಲುಸಾಲು ನೆನಪಿಟ್ಟುಕೊಂಡ ಓದುಗರೇ ಅಲ್ವಾ? ಅವರು ನಂಬಿಕೆ ಕಳೆದುಕೊಂಡರೆ, ಮೊದಲ ವಾರ ಸಾಲಿನಲ್ಲಿ ನಿಲ್ಲುವವರೇ ಇಲ್ಲ ಅಂತಾಗುತ್ತದೆ.

ನಿಲ್ಲಲಿ ಅನ್ನುವವರ ಮಾತು

ಇವರ ಮುಖ್ಯ ವಾದ: ಕೊನೆ ಏನು ಅಂತ ಎಲ್ಲರಿಗೂ ಗೊತ್ತು. 1945ರಲ್ಲಿ ಡಂಬಲ್‌ಡೋರ್ ಗ್ರಿಂಡೆಲ್ವಾಲ್ಡ್‌ನನ್ನು ಸೋಲಿಸಿದ ವಿಷಯ ಮೊದಲ ಹ್ಯಾರಿ ಪಾಟರ್ ಪುಸ್ತಕದಲ್ಲೇ, ಚಾಕೊಲೇಟ್ ಜೊತೆ ಸಿಗುವ ಒಂದು ಕಾರ್ಡಿನ ಮೇಲೆ ಅಚ್ಚಾಗಿದೆ. ಉಳಿದ ವಿವರ ಏಳನೇ ಪುಸ್ತಕದಲ್ಲಿದೆ. ಇದನ್ನು ನೋಡಲು ಇನ್ನೆರಡು ಸಿನಿಮಾ ಯಾಕೆ?

ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಮೂರನೇ ಸಿನಿಮಾ ಒಂದು ಮುಕ್ತಾಯದ ಹಾಗೇ ಮುಗಿಯುತ್ತದೆ. ರಕ್ತದ ಆಣೆ ಮುರಿದುಬೀಳುತ್ತದೆ. ಗ್ರಿಂಡೆಲ್ವಾಲ್ಡ್ ಕಡೆ ಹೋಗಿದ್ದ ಟೀನಾಳ ತಂಗಿ, ಜೇಕಬ್‌ನ ಪ್ರೇಯಸಿ ಕ್ವೀನಿ ವಾಪಸ್ ಬಂದು, ಜೇಕಬ್‌ನ ಬೇಕರಿಯಲ್ಲೇ ಅವನ ಕೈ ಹಿಡಿಯುತ್ತಾಳೆ. ನ್ಯೂಟ್ ಮತ್ತು ಟೀನಾ ಮತ್ತೆ ಎದುರಾಗುತ್ತಾರೆ. ಸಾವಿನ ಅಂಚಿನಲ್ಲಿರುವ ಕ್ರೀಡೆನ್ಸ್ ತನ್ನ ತಂದೆಯ ಜೊತೆ ಮನೆಗೆ ಹೋಗುತ್ತಾನೆ. ಡಂಬಲ್‌ಡೋರ್ ದೂರದಿಂದ ಮದುವೆ ನೋಡಿ, ಹಿಮದಲ್ಲಿ ಒಬ್ಬರೇ ನಡೆದುಹೋಗುತ್ತಾರೆ. ಮುಂದೆ ಸಿನಿಮಾ ಬಾರದಿದ್ದರೂ ನಡೆಯಲಿ ಅಂತ ಯೋಚಿಸಿಯೇ ಬರೆದ ಹಾಗಿದೆ. ಮೊದಲೆರಡನ್ನು ರೌಲಿಂಗ್ ಒಬ್ಬರೇ ಬರೆದಿದ್ದರು. ಮೂರನೆಯದಕ್ಕೆ ಎಂಟರಲ್ಲಿ ಏಳು ಪಾಟರ್ ಸಿನಿಮಾಗಳ ಚಿತ್ರಕಥೆ ಬರೆದಿದ್ದ ಸ್ಟೀವ್ ಕ್ಲೋವ್ಸ್ ಕೈಜೋಡಿಸಿದರು. ಈ ಹದ ಅಲ್ಲಿಂದ ಬಂದಿರಬಹುದು.

ಮುಗಿಸಲಿ ಅನ್ನುವವರ ಮಾತು

ಇವರು ಹೇಳುವುದು: ಕೊನೆ ಗೊತ್ತಿದ್ದರೇನು? ಹಿಂದಿನ ಕಾಲದ ಕಥೆಯಲ್ಲಿ ಏನಾಯಿತು ಅನ್ನುವುದಕ್ಕಿಂತ ಹೇಗಾಯಿತು ಅನ್ನುವುದೇ ಮುಖ್ಯ. ಇದನ್ನು ಒಪ್ಪಲೇಬೇಕು. ರಾಮ-ರಾವಣರ ಯುದ್ಧದ ಕೊನೆ ಗೊತ್ತಿದ್ದೂ ಸಾವಿರಾರು ವರ್ಷ ಜನ ಕೇಳಿಲ್ಲವೇ?

ಇನ್ನೂ ಮುಖ್ಯವಾದ ಮಾತು: ಮೂರನೇ ಸಿನಿಮಾದ ಕೊನೆಯವರೆಗೂ ಡಂಬಲ್‌ಡೋರ್‌ನ ಕೈ ಕಟ್ಟಿಹಾಕಿದ್ದು ಆ ಆಣೆಯೇ. ಈಗ ಆಣೆ ಮುರಿದಿದೆ. ಇನ್ನು ಡಂಬಲ್‌ಡೋರ್‌ನನ್ನು ತಡೆಯುವುದು ಮಾಯೆಯಲ್ಲ, ಅವರ ಮನಸ್ಸು ಮಾತ್ರ. ಆಣೆ ಮುರಿದಿದ್ದು 1932ರಲ್ಲಿ, ಕಾಳಗ ನಡೆಯುವುದು 1945ರಲ್ಲಿ. ಮಧ್ಯೆ 13 ವರ್ಷ ಅವರು ಯಾಕೆ ಕಾದರು? ಅಷ್ಟರಲ್ಲಿ ಎಷ್ಟು ಜನ ಸತ್ತರು? ಆ ಹೊಣೆ ಯಾರದು? ಇಡೀ ಸರಣಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಅದನ್ನು ಕೇಳುವ ಹೊತ್ತಿಗೇ ಪರದೆ ಬಿತ್ತು.

ಮೂರನೆಯ ಬಣವೊಂದಿದೆ. ಯುದ್ಧ ಬಿಡಿ, ನ್ಯೂಟ್‌ನ ಸೂಟ್‌ಕೇಸ್ ಮತ್ತು ಪ್ರಾಣಿಗಳ ಚಿಕ್ಕ ಕಥೆಗಳನ್ನು ಬೇರೆ ಮಾಡಿ ಅಂತ ಇವರು ಕೇಳುತ್ತಾರೆ. 2016ರಲ್ಲಿ ಜನ ಮೆಚ್ಚಿದ್ದು ಅದನ್ನೇ. ಆದರೆ ಇವರ ದನಿ ಈ ಗಲಾಟೆಯಲ್ಲಿ ಕೇಳಿಸುವುದು ಕಮ್ಮಿ.

ಲೇಖಕಿಯ ಸುತ್ತಲಿನ ಜಗಳ

ಇದನ್ನು ಬಿಟ್ಟು ಮಾತಾಡಲಾಗದು. 2020ರಿಂದ ರೌಲಿಂಗ್ ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳ ವಿಷಯದಲ್ಲಿ ಆಡುತ್ತ ಬಂದ ಮಾತುಗಳಿಂದ ಅಭಿಮಾನಿಗಳು ಇಬ್ಭಾಗವಾದರು. ಎಡ್ಡಿ ರೆಡ್ಮೇನ್ ಕೂಡ ಆ ಮಾತುಗಳನ್ನು ಒಪ್ಪುವುದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಬಾಲ್ಯವಿಡೀ ಈ ಪುಸ್ತಕಗಳ ಆಸರೆಯಲ್ಲಿ ಬೆಳೆದ ಎಷ್ಟೋ ಜನರಿಗೆ ಇದು ನಿಜವಾದ ನೋವು. ಇನ್ನೆಷ್ಟೋ ಜನ ಅವರ ಪರವಾಗಿಯೇ ನಿಂತರು.

ಸರಣಿ ನಿಂತಿದ್ದು ಇದರಿಂದಲೇ ಅನ್ನುವುದು ಮಾತ್ರ ಸರಿ ಕಾಣುವುದಿಲ್ಲ. ಇದೇ ಲೋಕದ ‘ಹಾಗ್ವಾರ್ಟ್ಸ್ ಲೆಗಸಿ’ ಎಂಬ ವಿಡಿಯೋ ಗೇಮ್ 2023ರ ಫೆಬ್ರವರಿಯಲ್ಲಿ ಬಂದಾಗ ಬಹಿಷ್ಕಾರದ ಕರೆ ಜೋರಾಗಿತ್ತು. ಆದರೂ ಆ ವರ್ಷ ಮುಗಿಯುವಷ್ಟರಲ್ಲಿ 2.2 ಕೋಟಿ ಪ್ರತಿಗಳು ಖರ್ಚಾದವು. ಆ ಲೋಕದ ಮೇಲಿನ ಆಸೆ ಜನರಿಗೆ ಹೋಗಿಲ್ಲ. ಈ ಕಥೆಯ ಮೇಲಿನ ಆಸೆ ಹೋಗಿದೆ.

ಹಿಂದೆ ಹೀಗಾದಾಗ

ಅರ್ಧಕ್ಕೆ ನಿಂತ ಫ್ಯಾಂಟಸಿ ಸರಣಿ ಇದೊಂದೇ ಅಲ್ಲ. ನಾರ್ನಿಯಾ 2005ರಲ್ಲಿ 74 ಕೋಟಿ ಡಾಲರ್ ಗಳಿಸಿ ಶುರುವಾಯಿತು. 2008ರ ಎರಡನೆಯದು 42 ಕೋಟಿಯ ಆಸುಪಾಸಿಗೆ ಕುಸಿದಾಗ ಡಿಸ್ನಿ ಕೈಬಿಟ್ಟಿತು. ಫಾಕ್ಸ್ ಸೇರಿಕೊಂಡು 2010ರಲ್ಲಿ ಮೂರನೆಯದು ಬಂತು, ಅಲ್ಲಿಗೆ ಮುಗಿಯಿತು. ಈಗ ನೆಟ್‌ಫ್ಲಿಕ್ಸ್‌ಗಾಗಿ ಗ್ರೇಟಾ ಗರ್ವಿಗ್ ಅದನ್ನು ಹೊಸದಾಗಿ ಕೈಗೆತ್ತಿಕೊಂಡಿದ್ದಾರೆ. 2007ರ ‘ದಿ ಗೋಲ್ಡನ್ ಕಂಪಾಸ್’ ಒಂದಕ್ಕೇ ನಿಂತಿತು. ಹನ್ನೆರಡು ವರ್ಷ ಬಿಟ್ಟು ಬಿಬಿಸಿ ಮತ್ತು ಎಚ್‌ಬಿಒ ಅದೇ ಪುಸ್ತಕಗಳನ್ನು ಮೂರು ಸೀಸನ್‌ಗಳಲ್ಲಿ ಪೂರ್ತಿ ಮಾಡಿದವು.

ಹಾಗಾದರೆ ಇದನ್ನೂ ಟಿವಿಯಲ್ಲಿ ಮುಗಿಸಬಹುದಲ್ಲ ಅಂತ ಅನಿಸುವುದು ಸಹಜ. ಅಲ್ಲೊಂದು ತೊಡಕಿದೆ. ನಾರ್ನಿಯಾ ಮತ್ತು ಗೋಲ್ಡನ್ ಕಂಪಾಸ್‌ಗೆ ಪುಸ್ತಕಗಳಿದ್ದವು, ಹಾಗಾಗಿ ಮೊದಲಿನಿಂದ ಶುರುಮಾಡಲು ಆಯಿತು. ಪುಸ್ತಕ ಇಲ್ಲದ ಸರಣಿಯನ್ನು ಹಾಗೆ ಮತ್ತೆ ಶುರುಮಾಡಲು ಯಾರೂ ಮುಂದೆ ಬರುವುದಿಲ್ಲ. ನಿಂತ ಜಾಗದಿಂದಲೇ ಮುಂದುವರಿಸಬೇಕು, ಅದೇ ನಟರೊಂದಿಗೆ. ಆ ಪ್ರಯತ್ನ ‘ಡೈವರ್ಜೆಂಟ್’ ಸರಣಿಗೆ ನಡೆಯಿತು. 2016ರಲ್ಲಿ ಮೂರನೇ ಸಿನಿಮಾ ಸೋತ ಮೇಲೆ ಕೊನೆಯದನ್ನು ಟಿವಿಗೆ ಮಾಡುತ್ತೇವೆ ಎಂದರು. ನಾಯಕಿ ಶೈಲೀನ್ ವುಡ್ಲಿ ಆಸಕ್ತಿ ತೋರಲಿಲ್ಲ. ಯೋಜನೆ ಬಿದ್ದುಹೋಯಿತು, ಕೊನೆ ಇವತ್ತಿಗೂ ಬಂದಿಲ್ಲ.

ಹೊಸ ಧಾರಾವಾಹಿ ತಂದ ಬದಲಾವಣೆ

2022ರ ಏಪ್ರಿಲ್ 8ರಂದು ಮೂರನೇ ಸಿನಿಮಾ ಬ್ರಿಟನ್ನಿನಲ್ಲಿ ತೆರೆಕಂಡಿತು. ಅದೇ ದಿನ ವಾರ್ನರ್ ಮತ್ತು ಡಿಸ್ಕವರಿ ಕಂಪನಿಗಳ ವಿಲೀನ ಪೂರ್ತಿಯಾಯಿತು. ಈ ಸರಣಿಯನ್ನು ಶುರುಮಾಡಿದವರು ಬೇರೆ, ಅದರ ಸೋಲಿನ ಲೆಕ್ಕ ನೋಡಿದವರು ಬೇರೆ. ಹೊಸ ಮುಖ್ಯಸ್ಥ ಡೇವಿಡ್ ಜಾಸ್ಲಾವ್ ಅದೇ ವರ್ಷದ ನವೆಂಬರ್‌ನಲ್ಲಿ, ನಾವು ಹ್ಯಾರಿ ಪಾಟರ್ ಸಿನಿಮಾ ಮಾಡಿ 15 ವರ್ಷ ಆಯಿತು ಎಂದರು. ವರ್ಷದ ಲೆಕ್ಕ ತಪ್ಪಿತ್ತು, ಕೊನೆಯ ಪಾಟರ್ ಸಿನಿಮಾ ಬಂದಿದ್ದು 2011ರಲ್ಲಿ. ಆದರೆ ಗಮನಿಸಬೇಕಾದ್ದು ಅದಲ್ಲ. ಅವರ ಎಣಿಕೆಯಲ್ಲಿ ಈ ಮೂರು ಸಿನಿಮಾಗಳು ಇರಲೇ ಇಲ್ಲ. ಐದು ತಿಂಗಳಿಗೆ ಎಚ್‌ಬಿಒ ಧಾರಾವಾಹಿಯ ಘೋಷಣೆ ಬಂತು.

ವ್ಯಾಪಾರದ ಕಣ್ಣಿಂದ ನೋಡಿದರೆ ಕಾರಣ ಸ್ಪಷ್ಟ. ಧಾರಾವಾಹಿಗೆ ಪುಸ್ತಕಗಳಿವೆ, ಕಥೆ ಎಡವುವ ಭಯ ಕಮ್ಮಿ. ಹತ್ತು ವರ್ಷ ಚಂದಾದಾರರನ್ನು ಹಿಡಿದಿಡುತ್ತದೆ. ಅದರಲ್ಲಿ ಡಂಬಲ್‌ಡೋರ್ ಪಾತ್ರ ಜಾನ್ ಲಿತ್ಗೋ ಅವರದ್ದು. ಅದೇ ಹೊತ್ತಿಗೆ ಥಿಯೇಟರಿನಲ್ಲಿ ಈ ಸರಣಿಯಲ್ಲಿ ಆ ಪಾತ್ರ ಮಾಡಿದ ಜೂಡ್ ಲಾ ಇನ್ನೊಬ್ಬ ಡಂಬಲ್‌ಡೋರ್ ಆಗಿ ಬಂದರೆ ನೋಡುವವರಿಗೆ ಗೊಂದಲ, ಮಾರುವವರಿಗೂ ಗೊಂದಲ. ಪಕ್ಕಕ್ಕಿಟ್ಟಿದ್ದೇವೆ ಎಂಬ ಮಾತಿನ ಅರ್ಥ ಈಗ ತಿಳಿಯುತ್ತದೆ. ನಿಲ್ಲಿಸಿದೆವು ಎಂದರೆ ಅಭಿಮಾನಿಗಳು ಸಿಟ್ಟಾಗುತ್ತಾರೆ, ಮಾಡುತ್ತೇವೆ ಎಂದರೆ ಧಾರಾವಾಹಿಗೆ ಅಡ್ಡಿ.

ಉಳಿದಿರುವ ದಾರಿ

ಇನ್ನೆರಡು ಸಿನಿಮಾ ಬರುವುದು ನನ್ನ ಮಟ್ಟಿಗೆ ಆಗದ ಮಾತು, ಬರುವುದು ಬೇಡ ಕೂಡ. ಉಳಿದಿರುವ ಕಥೆ ಒಂದೇ ಸಿನಿಮಾದ್ದು. ಅದನ್ನು ಎರಡು ಮಾಡಿದರೆ ಮತ್ತೆ ಅದೇ ಹಿಗ್ಗಿಸುವ ತಪ್ಪು. ಆದರೆ ಆ ಒಂದು ಬರಬೇಕು. 1945ರಲ್ಲೇ ಶುರುವಾಗಬೇಕು, ಡಂಬಲ್‌ಡೋರ್‌ದೇ ಕಥೆ ಅಂತ ಧೈರ್ಯವಾಗಿ ಒಪ್ಪಿಕೊಳ್ಳಬೇಕು. ಜಗತ್ತಿಡೀ ಸುತ್ತುವ ಗ್ರಾಫಿಕ್ಸ್ ಅದಕ್ಕೆ ಬೇಡ. ಇಬ್ಬರು ಒಳ್ಳೆಯ ನಟರು, ಒಂದು ಕಾಳಗ, ಅದಕ್ಕೂ ಮುಂಚಿನ ಕೆಲವು ವಾರಗಳು. ಖರ್ಚು 20 ಕೋಟಿಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಇಲ್ಲಿ ಕಾಯುವುದರಿಂದ ನಷ್ಟವೂ ಇಲ್ಲ. 1945ರ ಹೊತ್ತಿಗೆ ಡಂಬಲ್‌ಡೋರ್‌ಗೆ ಅರವತ್ತು ದಾಟಿರುತ್ತದೆ. ಜೂಡ್ ಲಾ ಹುಟ್ಟಿದ್ದು 1972ರಲ್ಲಿ. ಇನ್ನೂ ಐದಾರು ವರ್ಷ ಹೋದರೆ ಅವರ ವಯಸ್ಸು ಪಾತ್ರಕ್ಕೆ ತಾನಾಗಿಯೇ ಹತ್ತಿರವಾಗುತ್ತದೆ.

ಆದರೆ ಅದಕ್ಕೂ ಒಂದು ಗಡುವಿದೆ. ಧಾರಾವಾಹಿ ಏಳನೇ ಪುಸ್ತಕಕ್ಕೆ ಮುಟ್ಟಿದಾಗ ಡಂಬಲ್‌ಡೋರ್‌ನ ಹರೆಯ, ತಂಗಿ ಅರಿಯಾನಾಳ ಸಾವು, ಗ್ರಿಂಡೆಲ್ವಾಲ್ಡ್ ಜೊತೆಗಿನ ನಂಟು ಎಲ್ಲವನ್ನೂ ಅಲ್ಲಿ ಹೇಳಲೇಬೇಕು, ಬೇರೆ ನಟರೊಂದಿಗೆ. ಅಷ್ಟರೊಳಗೆ ಜೂಡ್ ಲಾ ಮತ್ತು ಮಿಕೆಲ್ಸನ್ ಎದುರುಬದುರು ನಿಲ್ಲದಿದ್ದರೆ, ಆ ಕಾಳಗ ತೆರೆಗೆ ಬಂದರೂ ಈ ಸರಣಿಯದಾಗಿ ಬರುವುದಿಲ್ಲ.